ನಾನು ಅಡಗಿಸಿಟ್ಟ ಆರನೆಯ ಕಾಲಂ

ಕಾಗದಪತ್ರದ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಕತಾರಿನಲ್ಲಿ ಇನ್ನೂ ಬಂದಿಳಿದಿಲ್ಲ ಎಂದು ಹನ್ನೊಂದು ವರ್ಷ ನಂಬಿಕೊಂಡಿದ್ದೆ. ಲುಸೈಲ್‌ನ ಒಂದು ಕಟ್ಟಡ ಕಂಪನಿಯಲ್ಲಿ ನಾನು ಡಾಕ್ಯುಮೆಂಟ್ ಕಂಟ್ರೋಲರ್. ಅಂದರೆ ಎಂಜಿನಿಯರರ ನಕ್ಷೆಗೆ ನಂಬರು ಹಾಕಬೇಕು, ಯಾರು ನೋಡಬೇಕೋ ಅವರಿಗೆ ಕಳಿಸಬೇಕು, ಯಾರು ನೋಡಬಾರದೋ ಅವರಿಗೆ ಕಳಿಸಬಾರದು. ಇಷ್ಟೇ ಕೆಲಸ. ಈ ಕೊನೆಯ ಭಾಗವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ಮರೆತೆ!

ಅವತ್ತು ಶುಕ್ರವಾರ, ರಜೆ. ಅಲ್ ವಕ್ರಾದ ನಮ್ಮ ಫ್ಲ್ಯಾಟಿನಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದಾಗ ಊರ ಕಡೆಯ ವಿಶ್ವವಿದ್ಯಾಲಯದ ಪ್ರವೇಶಪಟ್ಟಿ ಬಂತು. ಗಲ್ಫ್‌ನಲ್ಲಿರುವವರ ಮಕ್ಕಳಿಗೆ ಅಲ್ಲಿ ಒಂದಿಷ್ಟು ಸೀಟು ತೆಗೆದಿಡುತ್ತಾರೆ. ಮಗಳು ಸಹನಾ ಅರ್ಜಿ ಹಾಕಿದ್ದಳು. ಪಟ್ಟಿಯನ್ನು ವೆಬ್‌ಸೈಟಿಗೆ ಹಾಕಿದ್ದರು. ಪಾಸ್‌ವರ್ಡ್ ಇಲ್ಲ, ಏನಿಲ್ಲ. ಸಾವಿರಾರು ಮಕ್ಕಳ ಹೆಸರು, ಪೋಷಕರ ಹೆಸರು, ಹುಟ್ಟಿದ ದಿನ, ಅಂಕ, ವಿಶೇಷ ವರ್ಗ, ಸಿಕ್ಕಿದ ಕಾಲೇಜು. ಹಾದಿಬೀದಿಯಲ್ಲಿ ಹೋಗುವವರೂ ತೆರೆದು ನೋಡಬಹುದಾದ ಮಹಾ ದಾಖಲೆ!

ಸಹನಾಗೆ ಸೀಟು ಸಿಕ್ಕಿತ್ತು. ನಾನು ಸಂತೋಷಪಟ್ಟು ಇನ್ನೊಂದು ಪ್ಲೇಟು ಉಪ್ಪಿಟ್ಟು ತಿಂದು ಸುಮ್ಮನಿರಬಹುದಿತ್ತು. ಆದರೆ ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ನಮ್ಮ ವಂಶದ ಗುಣ. ಆ ಪಟ್ಟಿಯಲ್ಲಿ ನಮ್ಮ ಕನ್ನಡ ಕುಟುಂಬಗಳ ಮಕ್ಕಳು ಯಾರ್ಯಾರಿದ್ದಾರೆ ಎಂದು ಹೆಕ್ಕತೊಡಗಿದೆ. ಹದಿನಾಲ್ಕು ಮಂದಿ ಸಿಕ್ಕರು.

ಹೆಂಡತಿ ಶಾಂತಾ ಇಣುಕಿ ನೋಡಿದಳು. "ಮಂದಿ ಮಕ್ಕಳ ಮಾರ್ಕ್ಸ್ ತಗೊಂಡು ನಿಮಗೇನ್ ಆಗಬೇಕಾಗೇತ್ರಿ?"

"ಎಲ್ಲಾರಿಗೂ ಅಭಿನಂದನೆ ಹೇಳೋಣಂತ. ವೆಬ್‌ಸೈಟಿನ್ಯಾಗ ಬಂದೈತಿ, ಸಾರ್ವಜನಿಕ ದಾಖಲೆ!"

"ಅವರವರ ಮಕ್ಕಳದು ಅವರವರು ನೋಡ್ಕೋತಾರ," ಎಂದು ಆಕೆ ಒಳಗೆ ಹೋದಳು. ಹನ್ನೊಂದು ವರ್ಷದ ಅನುಭವಿಯನ್ನು ತಡೆಯಲು ಅಷ್ಟು ಸಾಕಾಗಲಿಲ್ಲ.

ಕ್ರಮಸಂಖ್ಯೆಯೂ ಸೇರಿ ಏಳು ಕಾಲಂಗಳ ಎಕ್ಸೆಲ್ ಹಾಳೆ ಸಿದ್ಧವಾಯಿತು. ಪ್ರತಿ ಕಾಲಮ್ಮಿಗೂ ನಂಬರು, ತಲೆಬರಹಕ್ಕೆ ಹಸಿರು ಬಣ್ಣ. ಮೂಲೆಯಲ್ಲಿ, ಆಫೀಸಿನಲ್ಲಿ ಮೊದಲ ಪ್ರತಿಗೆ ಹಾಕುವಂತೆ, 'ರಿವಿಜನ್ ಸೊನ್ನೆ, ಮಾಹಿತಿಗಾಗಿ' ಎಂಬ ಮುದ್ರೆ. ಒಂದೇ ಒಂದು ಸಣ್ಣ ತಿದ್ದುಪಡಿ ಮಾಡಿದೆ. ಆರನೆಯ ಕಾಲಂ ವಿಶೇಷ ವರ್ಗದ್ದು. ಅದರಲ್ಲಿ ನನ್ನ ಮಗಳ ಮುಂದೆ 'ಉದ್ಯೋಗ ಕಳೆದುಕೊಂಡು ಮರಳುವವರ ಮಕ್ಕಳು' ಎಂದಿತ್ತು. ಅದನ್ನು ಅಳಿಸಿ ಆ ಚೌಕವನ್ನು ಖಾಲಿ ಬಿಟ್ಟೆ.

ಹೌದು, ನನ್ನ ಕೆಲಸ ಹೋಗಿತ್ತು. ಪ್ರಾಜೆಕ್ಟ್ ಮುಗಿದಿತ್ತು, ಕಂಪನಿ ಖಲಾಸ್ ಎಂದಿತ್ತು, ಆ ತಿಂಗಳ ಕೊನೆಯೇ ನನ್ನ ಕೊನೆಯ ದಿನ. ಅದು ಮನೆಯಲ್ಲಿ ಸಹನಾಗೆ ಮಾತ್ರ ಗೊತ್ತಿತ್ತು, ಏಕೆಂದರೆ ಆ ವರ್ಗದ ರಿಯಾಯಿತಿಗೆ ಕಂಪನಿಯ ಪತ್ರವನ್ನು ಅವಳೇ ಅಪ್‌ಲೋಡ್ ಮಾಡಿದ್ದಳು. ಶಾಂತಾಗೆ ಒಳ್ಳೆಯ ಸಮಯ ನೋಡಿ ಹೇಳೋಣ ಎಂದುಕೊಂಡಿದ್ದೆ. ಎರಡು ತಿಂಗಳಾದರೂ ಆ ಒಳ್ಳೆಯ ಸಮಯ ಬಂದಿರಲಿಲ್ಲ. ಪಾಪ, ಆಕೆ ಹಜಾರದ ಕಿಟಕಿಗೆ ಹೊಸ ಪರದೆಯ ಬಣ್ಣ ಆರಿಸುತ್ತಿದ್ದಳು.

ಹಾಳೆಯನ್ನು ನಮ್ಮ ಕುಟುಂಬಗಳ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಚಪ್ಪಾಳೆಗಳು, ಹೂಗುಚ್ಛಗಳು, ಕೈ ಮುಗಿದ ಚಿತ್ರಗಳು ಸುರಿದವು. 'ಬಸವರಾಜ್ ಸರ್ ಕೆಲಸ ಅಂದರೆ ಕೆಲಸ' ಎಂದು ಒಬ್ಬರು ಬರೆದರು. ಎದೆ ಉಬ್ಬಿತು. ಆಮೇಲೆ ಒಬ್ಬರು ಕೇಳಿದರು: 'ಲೀನಾ ಅವರ ಮಗ ರೋಹನ್ ಮುಂದೆ ಏಕಪೋಷಕ ಎಂದಿದೆಯಲ್ಲ? ಅವರ ಯಜಮಾನರು ಹಡಗಿನಲ್ಲಿ ಇದ್ದಾರಲ್ಲವೇ?'

ಲೀನಾ ನಮ್ಮ ಎದುರು ಮನೆಯವರು. ಉಡುಪಿಯ ಕಡೆಯವರು, ಕ್ಲಿನಿಕ್ ಒಂದರಲ್ಲಿ ಕ್ಲಾರ್ಕು. ಗಂಡ ಹಡಗಿನಲ್ಲಿದ್ದಾರೆ ಎಂದು ಮೂರು ವರ್ಷದಿಂದ ಹೇಳುತ್ತಿದ್ದರು, ನಾವೂ ಕೇಳುತ್ತಿದ್ದೆವು. ಮೂರು ವರ್ಷದಲ್ಲಿ ಆ ಹಡಗು ಒಮ್ಮೆಯೂ ದಡಕ್ಕೆ ಬರಲಿಲ್ಲವೇ ಎಂದು ನನಗೆ ಹೊಳೆದಿರಲಿಲ್ಲ. ಹೊಳೆದವರು ಸುಮ್ಮನಿದ್ದರು. ಅದೇ ಮರ್ಯಾದೆ.

ಇಲ್ಲಿ ಚರ್ಚಿನ ಪೂಜೆಯೂ ಶುಕ್ರವಾರವೇ. ಮಧ್ಯಾಹ್ನ ಚರ್ಚಿನಿಂದ ಬಂದವರೇ ಲೀನಾ ನಮ್ಮ ಬೆಲ್ಲು ಒತ್ತಿದರು. ಕೈಯಲ್ಲಿ ನಮ್ಮ ಸ್ಟೀಲ್ ಡಬ್ಬಿ. ಹಿಂದಿನ ವಾರ ಶಾಂತಾ ಅದರಲ್ಲಿ ಶೇಂಗಾ ಹೋಳಿಗೆ ಕಳಿಸಿದ್ದಳು.

"ಬಸವರಾಜಣ್ಣ, ನೀವು ಎಂತ ಮಾಡಿದ್ದು? ಪೂಜೆ ಮುಗಿದು ಹೊರಗೆ ಬರುವಾಗ ನಾಲ್ಕು ಜನ ಕೇಳಿದ್ರು. ರೋಹನ್ ಪಕ್ಕದಲ್ಲೇ ಇದ್ದ."

ನಾನು ಗಂಭೀರವಾಗಿ ನಿಯಮಾವಳಿ ಓದಿದೆ. "ಅದು ಮೊದಲೇ ವೆಬ್‌ಸೈಟಿನ್ಯಾಗ ಇತ್ತಲ್ರೀ ಲೀನಾ ಅವರ. ನಾನೇನೂ ಹೊಸದು ಹಾಕಿಲ್ಲ."

"ಅಲ್ಲಿ ಸಾವಿರಾರು ಹೆಸರುಗಳ ನಡುವೆ ಅದು ಎಲ್ಲೋ ಒಂದು ಕಡೆ ಇತ್ತು ಮಾರಾಯ್ರೆ. ಯಾರಿಗೂ ಬೇಕಿರಲಿಲ್ಲ. ನೀವು ಹದಿನಾಲ್ಕು ಮಕ್ಕಳನ್ನು ಹೆಕ್ಕಿ, ನಮ್ಮ ಗುರುತಿನವರ ಎದುರಿಗೇ ಸಾಲಾಗಿ ನಿಲ್ಲಿಸಿದ್ರಿ. ನಾನು ಹೇಳಿದ್ದು ಯೂನಿವರ್ಸಿಟಿಗೆ, ಮಗನ ಸೀಟಿಗೆ ಬೇಕು ಅಂತ. ನಿಮಗೆ ಹೇಳಿದ್ದಲ್ಲ."

ಅವರು ಡಬ್ಬಿಯನ್ನು ನನ್ನ ಕೈಗಿತ್ತು ಹೊರಟವರು ಬಾಗಿಲಲ್ಲಿ ನಿಂತರು.

"ಒಂದು ಕೇಳ್ತೇನೆ. ಸಹನಾಳ ಚೌಕ ಯಾಕೆ ಖಾಲಿ ಉಂಟು?"

"ಅದು... ಮಾಹಿತಿ ಸಿಗಲಿಲ್ರೀ," ಎಂದೆ.

ಅವರು ಹೋಗಿ ತಮ್ಮ ಬಾಗಿಲು ಹಾಕಿಕೊಂಡರು. ಡಬ್ಬಿ ತೆರೆದೆ. ಖಾಲಿ. ನಮ್ಮಲ್ಲಿ ಕೊಟ್ಟ ಡಬ್ಬಿಯನ್ನು ಯಾರೂ ಖಾಲಿ ಮರಳಿಸುವುದಿಲ್ಲ, ಕಡೆಗೆ ನಾಲ್ಕು ಕಾಳು ಸಕ್ಕರೆಯಾದರೂ ಇರುತ್ತದೆ. ನಿಜವಾಗಿ ನಾಚಿಕೆಯಾಯಿತು.

ನಾಚಿಕೆಯಾದ ಮನುಷ್ಯ ಬಾಯಿ ಮುಚ್ಚಿಕೊಂಡಿರಬೇಕು. ನಾನು ರಿವಿಜನ್ ಒಂದನ್ನು ಹೊರಡಿಸಿದೆ! ಹಳೆಯ ಹಾಳೆಯನ್ನು ಗುಂಪಿನಿಂದ ಅಳಿಸಿದೆ. ಅವಸರದಲ್ಲಿ ನನ್ನ ಪ್ರತಿಯನ್ನೂ ಅಳಿಸಿಬಿಟ್ಟಿದ್ದರಿಂದ ವೆಬ್‌ಸೈಟಿನ ಪಟ್ಟಿಯಿಂದಲೇ ಮತ್ತೆ ಹೊಸದಾಗಿ ಹದಿನಾಲ್ಕು ಸಾಲು ನಕಲು ಮಾಡಿದೆ. ವಿಶೇಷ ವರ್ಗದ ಆರನೆಯ ಕಾಲಮ್ಮನ್ನು 'ಹೈಡ್' ಮಾಡಿದೆ. ಕಾಣದಂತಾಯಿತು. 'ಅನಿವಾರ್ಯ ಕಾರಣಗಳಿಂದ ಒಂದು ಕಾಲಂ ಹಿಂಪಡೆಯಲಾಗಿದೆ. ಉಂಟಾದ ತೊಂದರೆಗೆ ವಿಷಾದಿಸುತ್ತೇವೆ' ಎಂದು ಮಂತ್ರಿಯಂತೆ ಬರೆದು ಕಳಿಸಿದೆ. ನಿಟ್ಟುಸಿರು ಬಿಟ್ಟೆ.

ಹತ್ತು ನಿಮಿಷ. ಉಮ್ಮ್ ಸಲಾಲ್‌ನಲ್ಲಿರುವ ಪ್ರಕಾಶ್ ಎಂಬ ಪರೋಪಕಾರಿ ಬರೆದರು: 'ಸರ್, ಐದು ಆದಮೇಲೆ ಏಳು ಬಂದಿದೆ. ನಡುವಿನ ಕಾಲಂ ಮಡಚಿಕೊಂಡಿತ್ತು. ಬಿಡಿಸಿ ಸರಿಮಾಡಿ ಹಾಕಿದ್ದೇನೆ. ರಿವಿಜನ್ ಎರಡು.' ಕೊನೆಗೊಂದು ನಗುಮುಖ ಬೇರೆ!

ಸಹನಾ ಫೋನು ಹಿಡಿದು ಓಡಿ ಬಂದಳು. "ಪಪ್ಪಾ! ನೀವು ಹೈಡ್ ಮಾಡಿದ್ದೀರಾ? ಡಿಲೀಟ್ ಅಲ್ಲಾ?"

ಮೂಲಪಟ್ಟಿಯಿಂದಲೇ ನಕಲು ಮಾಡಿದ್ದರಿಂದ ಈ ಸಲ ರೋಹನ್‌ನ ಚೌಕವೂ ತುಂಬಿತ್ತು, ನನ್ನ ಮಗಳ ಚೌಕವೂ ತುಂಬಿತ್ತು. ಅಡುಗೆಮನೆಯಲ್ಲಿ ಕುಕ್ಕರು ಕೂಗುತ್ತಿತ್ತು. ಅದನ್ನು ಯಾರೂ ಆರಿಸಲಿಲ್ಲ. ಹೋಗಿ ನೋಡಿದರೆ ಶಾಂತಾ ಫೋನು ಹಿಡಿದುಕೊಂಡು ನಿಂತಿದ್ದಳು.

"ರೀ, ಕೆಲಸ ಹೋಗೇತೇನ್ರಿ?"

"ಹೂಂ."

"ಯಾವಾಗ?"

"ಎರಡು ತಿಂಗಳಾತು ಪತ್ರ ಬಂದು."

"ಮತ್ತ ದಿನಾ ಡಬ್ಬಿ ಕಟ್ಟಿಸ್ಕೊಂಡು ಹೋಗೋದು?"

"ಈ ತಿಂಗಳ ಕೊನೀತನಕ ಐತಿ."

ಆಕೆ ಒಲೆ ಆರಿಸಿದಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು. "ಊರ ಮಂದಿಗೆಲ್ಲಾ ಹಾಳಿ ಹಂಚಿದ್ರಿ. ಮನ್ಯಾಗಿದ್ದ ನನಗ ಒಂದ್ ಮಾತು ಹೇಳಲಿಲ್ಲ," ಎಂದಳು ಅಷ್ಟೇ. ಆಮೇಲೆ ಪರದೆ ಬಟ್ಟೆಯ ಅಂಗಡಿಗೆ ಫೋನು ಮಾಡಿ, ಬೇಡ ಎಂದಳು.

ಸಹನಾ ಗೋಡೆಗೆ ಒರಗಿ ನಿಂತಿದ್ದಳು. "ನಾನು ಯಾರಿಗೂ ಹೇಳಿಲ್ಲ ಪಪ್ಪಾ. ಎರಡು ತಿಂಗಳು ಅಮ್ಮನ ಫೇಸ್ ನೋಡಿ ಸುಮ್ಮನೆ ಇದ್ದೆ. ನೀವು ಪ್ರಾಮಿಸ್ ಮಾಡಿಸಿದ್ರಿ."

ಹದಿನೇಳರ ಹುಡುಗಿ ಕಾಪಾಡಿದ ಗುಟ್ಟನ್ನು ಸಂಬಳ ತೆಗೆದುಕೊಂಡು ಗುಟ್ಟು ಕಾಯುವ ನಾನು ಒಂದೇ ಶುಕ್ರವಾರದಲ್ಲಿ ಬಯಲಿಗೆ ಹಾಕಿದ್ದೆ, ಅದೂ ಎರಡು ರಿವಿಜನ್‌ಗಳಲ್ಲಿ.

ಮರುದಿನ ಎದುರು ಮನೆಗೆ ಹೋಗಿ ಬಾಗಿಲಲ್ಲೇ ನಿಂತು ತಪ್ಪಾಯಿತು ಎಂದೆ. ಮುದ್ರೆಯಿಲ್ಲ, ವಿಷಾದಿಸುತ್ತೇವೆ ಇಲ್ಲ. ಲೀನಾ ಬಾಗಿಲನ್ನು ಪೂರ್ತಿ ತೆರೆಯಲಿಲ್ಲ.

"ನಿಮ್ಮ ಕೆಲಸದ್ದು ನೋಡಿ ಬೇಜಾರಾಯ್ತು, ನಿಜ," ಎಂದರು. "ಆದ್ರೆ ರೋಹನ್ ಆ ಕಾಲೇಜು ಬೇಡ ಅಂತ ಕೂತಿದ್ದಾನೆ. ಇಲ್ಲಿಂದ ಅಲ್ಲಿಗೆ ಹೋಗುವ ಎಲ್ಲಾ ಮಕ್ಕಳಿಗೆ ಅವನ ಮನೆ ಕಥೆ ಗೊತ್ತುಂಟಲ್ಲ. ಅದಕ್ಕೆ ನಾನು ಎಂತ ಹೇಳ್ಲಿ?"

ಇದನ್ನು ತಿದ್ದುವ ರಿವಿಜನ್ ಮೂರನ್ನು ಯಾವ ಹಾಳೆಯಲ್ಲಿ ಮಾಡಬೇಕೋ ನನಗೆ ತಿಳಿಯದು. ಶಾಂತಾ ಡಬ್ಬಿಯಲ್ಲಿ ಮತ್ತೆ ಹೋಳಿಗೆ ತುಂಬಿ ಸಹನಾ ಕೈಯಲ್ಲಿ ಕಳಿಸಿದ್ದಾಳೆ. ಲೀನಾ ಇಸಿದುಕೊಂಡರಂತೆ. ಡಬ್ಬಿ ಇನ್ನೂ ಬಂದಿಲ್ಲ.

ತಿಂಗಳ ಕೊನೆಗೆ ಆಫೀಸಿನಲ್ಲಿ ಚಹಾ, ಸಮೋಸಾ ಕೊಟ್ಟು ಬೀಳ್ಕೊಟ್ಟರು. ಮ್ಯಾನೇಜರು ಗಾಜು ಹಾಕಿದ ಪ್ರಮಾಣಪತ್ರ ಕೈಗಿತ್ತು, ಎಲ್ಲರೆದುರು ಗಟ್ಟಿಯಾಗಿ ಓದಿದರು: 'ಹನ್ನೊಂದು ವರ್ಷ ದಾಖಲೆಗಳ ಗೌಪ್ಯತೆಯನ್ನು ನಿಷ್ಠೆಯಿಂದ ಕಾಪಾಡಿದ್ದಕ್ಕಾಗಿ.' ಸಹೋದ್ಯೋಗಿಗಳು ಚಪ್ಪಾಳೆ ತಟ್ಟಿದರು. ಮನೆಗೆ ತಂದು, ಊರಿಗೆ ಕಟ್ಟುತ್ತಿದ್ದ ಪೆಟ್ಟಿಗೆಯ ತಳದಲ್ಲಿ, ಹಳೆ ಸೀರೆಗಳ ಕೆಳಗೆ ಇಟ್ಟೆ. ಶಾಂತಾ ತೆಗೆದು ಓದಿದಳು, ಮತ್ತೆ ಅಲ್ಲೇ ಇಟ್ಟಳು.

ಅದರ ಫೋಟೋವನ್ನು ಮಾತ್ರ ನಾನು ಗುಂಪಿಗೆ ಹಾಕಲಿಲ್ಲ.