ನಮ್ಮ ಗಾಡಿಗೆ ಮಿಸ್ಸಿಂಗ್ ಹತ್ತಿದ ವಾರ

ವಿಜ್ಞಾನದ ಟೀಚರ್ ಮನೆಯಲ್ಲಿ ಗಾಡಿ ಕೆಟ್ಟರೆ ಅದು ಬರೀ ಗಾಡಿ ಕೆಟ್ಟ ಸುದ್ದಿಯಾಗಿ ಉಳಿಯುವುದಿಲ್ಲ, ಏನಾದರೊಂದು ನಗೆಪಾಟಲು ಆಗಿಯೇ ತೀರುತ್ತದೆ. ನಮ್ಮ ಮನೆಯಲ್ಲಂತೂ ಒಂದೇ ವಾರದಲ್ಲಿ ಸಾಲುಗಟ್ಟಿ ಬಂದವು.

ಜೇವರ್ಗಿ ಕಾಲೋನಿಯ ಮನೆಯಲ್ಲಿ ನಾವು ಮೂವರು: ನಾನು, ನಮ್ಮವರು, ಅತ್ತೆ. ನಾದಿನಿಯನ್ನು ಕಮಲಾಪುರಕ್ಕೆ ಕೊಟ್ಟಿದೆ. ಆಗ ಅವಳಿಗೆ ಏಳು ತಿಂಗಳು. ಹಿಂದೊಮ್ಮೆ ಮೂರು ತಿಂಗಳಿಗೇ ಬಸುರು ಕೈತಪ್ಪಿ ಹೋಗಿದ್ದರಿಂದ ಎಲ್ಲರಿಗೂ ಒಳಗೊಳಗೇ ಅಂಜಿಕೆ. ಬಾಯಿಬಿಟ್ಟು ಯಾರೂ ಆಡುತ್ತಿರಲಿಲ್ಲ. ರವಿವಾರ ಅಲ್ಲಿಗೆ ಹೋಗಿ, ಸೀಮಂತದ ಕುಬಸ ಮಾಡಿ, ಅವಳನ್ನು ತವರಿಗೆ ಕರೆತರಬೇಕಿತ್ತು.

"ನನ್ನ ತಂಗಿನ್ನ ಬಸ್ಸಿನ್ಯಾಗ ಕುಂಡ್ರಸಂಗಿಲ್ಲ. ಬ್ಯಾರೆಯವರ ಗಾಡಿನೂ ಬ್ಯಾಡ. ನಾನ ಕರಕೊಂಡ ಬರ್ತೀನಿ" ಎಂದು ನಮ್ಮವರು ಹಟ ಹಿಡಿದರು. ಅವರು ಹಾಗೆಂದ ಮರುದಿನವೇ, ಸೋಮವಾರ ಬೆಳಿಗ್ಗೆ, ನಮ್ಮ ಹಳೆಯ ಕಾರು ಮಿಸ್ಸಿಂಗ್ ಹೊಡೆಯಿತು. ಎಂಜಿನ್ ಉಸಿರು ತಪ್ಪಿದಂತೆ ತಡವರಿಸಿ ನಡುಗುವುದಕ್ಕೆ ಗ್ಯಾರೇಜಿನವರು ಇಟ್ಟ ಹೆಸರು ಅದು.

ನೆಹರು ಗಂಜಿನ ಕಡೆ ಇರುವ ಉಸ್ತಾದರ ಗ್ಯಾರೇಜಿಗೆ ಒಯ್ದರು. ಅಷ್ಟರಲ್ಲಿ ಬಿಸಿಯಾಗಿದ್ದ ಗಾಡಿ ಅವರ ಮುಂದೆ ಜಾಣ ಕೂಸಿನಂತೆ ನಿಂತಿತು. ಉಸ್ತಾದರು ಕಿವಿಗೊಟ್ಟು ಕೇಳಿದರು. "ಸರ್, ಇಲ್ಲಿ ಅದರ ತಬಿಯತ್ ಛಲೋ ಅದ. ಮನ್ಯಾಗ ಮುಂಜಾನಿ ಹೊಡಿಯೋ ಮುಂದ ಯಾವ ಸಿಲಿಂಡರ್ ಅಂತ ನೋಡ್ಕೊಂಡ ಬರ್ರಿ. ಶನಿವಾರ ಮಾಡಿ ಕೊಡ್ತೀನಿ."

ನಮ್ಮವರು ಮನೆಗೆ ಬಂದು ನನ್ನ ಮುಖ ನೋಡಿದರು. ಇಪ್ಪತ್ತು ವರ್ಷ ಬೋರ್ಡಿನ ಮೇಲೆ ಎಂಜಿನ್ನಿನ ಚಿತ್ರ ಬರೆದವಳು ನಾನು. ಬಾನೆಟ್ ಎತ್ತಿದವಳಲ್ಲ.

ಪೊಲೀಸರಿಗೆ ಹೇಳಿದ್ರೇನು?

ಅಂದು ಸಂಜೆ ನಮ್ಮವರು ಅಂಗಳದಲ್ಲಿ ನಿಂತು ತಂಗಿಗೆ ಫೋನು ಮಾಡಿದರು. "ಗಾಡಿ ಮಿಸ್ಸಿಂಗ್ ಅದವ್ವಾ. ಚಿಂತಿ ಮಾಡಬ್ಯಾಡ, ರವಿವಾರದೊಳಗ ಹುಡುಕಿ ತಗೀತೀವಿ."

ಹುಡುಕುವುದು ಗಾಡಿಯ ತಪ್ಪನ್ನು. ಆದರೆ ಈ ಮಾತು ಎದುರು ಮನೆಯ ನಿವೃತ್ತ ಗುಮಾಸ್ತರ ಕಿವಿಗೆ ಅರ್ಧ ಬಿತ್ತು. ಐದು ನಿಮಿಷದಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಓಡಿಬಂದರು.

"ಎಂಥಾ ಕಾಲ ಬಂತ್ರಿ ಸರ್! ಪೊಲೀಸರಿಗೆ ಹೇಳಿದ್ರೇನು?"

"ಇದಕ್ಕ ಪೊಲೀಸರು ಯಾಕ್ರಿ? ಮನ್ಯಾಗ ನೋಡಾಕತ್ತೀವಿ."

"ಮನ್ಯಾಗ ಎಲ್ಲಿ ಸಿಗತದ್ರಿ! ಅಷ್ಟು ದೊಡ್ಡ ಗಾಡಿ!" ಎನ್ನುತ್ತ ಅವರು ದಣಿವಿಗೆ ಪಕ್ಕದಲ್ಲಿದ್ದ ಬಾನೆಟ್ ಮೇಲೆ ಕೈಯೂರಿದರು. "ಕೊನಿಗೆ ಎಲ್ಲಿ ನಿಲ್ಲಿಸಿದ್ರಿ?"

ನಮ್ಮವರು ಅವರ ಕೈಯನ್ನೇ ನೋಡುತ್ತ, "ಇಲ್ಲೇ" ಅಂದರು.

ಗುಮಾಸ್ತರು ಬಾನೆಟ್ ತಟ್ಟಿ ಕೇಳಿದರು: "ಹಂಗಾದ್ರ ಇದು ಯಾರದ್ರಿ?"

ಅತ್ತೆಯ ಮದ್ದು

ಮರುದಿನ ಬೆಳಿಗ್ಗೆ ತಣ್ಣಗಿದ್ದ ಗಾಡಿ ಚಾಲೂ ಮಾಡಿ ಬಾನೆಟ್ ಎತ್ತಿದೆವು. ಗುಡ್, ಗುಡ್, ಗುಡ್, ನಡುವೆ ಒಂದು 'ಹಿಕ್'. ಅತ್ತೆ ಪೂಜೆ ಮುಗಿಸಿ ತಂಬಿಗೆ ಹಿಡಿದು ತುಳಸಿಗೆ ನೀರು ಹಾಕಲು ಬಂದವರು ನಿಂತು ಆಲಿಸಿದರು.

"ಇದು ಮಿಸ್ಸಿಂಗ್ ಅಲ್ಲ, ಬಿಕ್ಕಳಿಕಿ. ಯಾರೋ ನೆನಸಾಕತ್ತಾರ."

"ಗಾಡಿನ್ನ ಯಾರು ನೆನಸ್ತಾರ ಅತ್ತಿ?"

"ಅಲ್ಲಿ ಕಮಲಾಪುರದಾಗ ನನ್ನ ಮಗಳು ದಾರಿ ಕಾಯಾಕತ್ತಾಳಲ್ಲ, ಆಕಿ" ಎಂದರು. ಅವರ ದನಿ ಯಾಕೋ ಸಣ್ಣದಾಯಿತು. ನಾನು ಅವರ ಮುಖ ನೋಡಿದೆ, ಕೈ ನೋಡಲಿಲ್ಲ, ಅದೇ ತಪ್ಪಾಯಿತು. "ಬಿಕ್ಕಳಿಕಿಗೆ ನೀರ ಮದ್ದು" ಎನ್ನುತ್ತ ಅತ್ತೆ ತಂಬಿಗೆಯ ನೀರನ್ನು ಎಂಜಿನ್ ಮೇಲೆ ಸುರಿದೇಬಿಟ್ಟರು.

ಬಿಕ್ಕಳಿಕೆ ನಿಂತಿತು. ಗಾಡಿಯೂ ನಿಂತಿತು.

ನಾಲ್ವರಲ್ಲಿ ಒಬ್ಬ

ಒಣಗಲು ಒಂದು ದಿನ ಬೇಕಾಯಿತು. ಗುರುವಾರ ಬೆಳಿಗ್ಗೆ ನಾನೇ ಮುಂದಾದೆ. ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರ್. ಒಂದೊಂದಕ್ಕೂ ಕಿಡಿ ಹಾರಿಸುವ ಒಂದು ಪ್ಲಗ್, ಆ ಪ್ಲಗ್ಗಿಗೆ ಒಂದು ವೈರು. ಗಾಡಿ ಬಂದ್ ಮಾಡಿ ಒಂದು ವೈರು ಬಿಡಿಸಬೇಕು, ಚಾಲೂ ಮಾಡಿ ಸದ್ದು ಕೇಳಬೇಕು. ನಡುಕ ಹೆಚ್ಚಿದರೆ ಆ ಸಿಲಿಂಡರ್ ಅಷ್ಟೊತ್ತು ದುಡಿಯುತ್ತಿತ್ತು ಎಂದರ್ಥ.

ಮೊದಲನೆಯದು ಬಿಡಿಸಿದೆ, ಗಾಡಿ ಗಡಗಡ ನಡುಗಿತು. ಅದನ್ನು ಮತ್ತೆ ಸಿಕ್ಕಿಸಿ ಎರಡನೆಯದು, ಆಮೇಲೆ ಮೂರನೆಯದು, ಅವೂ ಹಾಗೆಯೇ. ನಾಲ್ಕನೆಯದು ಬಿಡಿಸಿದಾಗ ಮಾತ್ರ ಏನೂ ಫರಕು ಕಾಣಲಿಲ್ಲ.

"ಸಿಕ್ಕಿತು!" ಎಂದು ಕೂಗಿದೆ. "ನಾಲ್ಕನೇದು ಮೊದಲಿಂದನ ಕೆಲಸ ಮಾಡವಲ್ದು!"

ನಮ್ಮವರು ಸೀಟಿನಿಂದ ತಲೆ ಹೊರಹಾಕಿದರು. "ಅಂದ್ರ ಒಬ್ಬಾಂವ ಸುಮ್ನ ಕುಂತಾನೋ ಇಲ್ಲೋ ಅಂತ ತಿಳೀಬೇಕಾದ್ರ, ಅವನ್ನ ಎಬ್ಬಿಸಿ ಕಳಿಸಿ ನೋಡಬೇಕು. ಛಲೋ ಐಡಿಯಾ. ನಮ್ಮ ಆಫೀಸಿನ್ಯಾಗೂ ಹಿಂಗ ಮಾಡಿ ನೋಡಬೇಕು."

ಕಟ್ಟೆಯ ಮೇಲೆ ಮೆಂತೆ ಸೊಪ್ಪು ಬಿಡಿಸುತ್ತಿದ್ದ ಅತ್ತೆ ತಲೆಯೆತ್ತದೆ ಹೇಳಿದರು: "ಮಾಡಬ್ಯಾಡಪ್ಪ. ಮೊದಲ ನಿನ್ನನ್ನ ಎಬ್ಬಿಸಿ ನೋಡ್ತಾರ."

ವರದಿ

ಪ್ಲಗ್ ಕೆಟ್ಟಿದೆಯೋ ವೈರು ಕೆಟ್ಟಿದೆಯೋ? ನಾಲ್ಕನೆಯ ಪ್ಲಗ್ ತೆಗೆದು ಮೂರನೆಯದರಲ್ಲಿ ಹಾಕಿದೆ, ಮೂರನೆಯದನ್ನು ನಾಲ್ಕಕ್ಕೆ. ರೋಗ ನಾಲ್ಕರಲ್ಲೇ ಉಳಿಯಿತು. ಅಂದರೆ ಪ್ಲಗ್ ನಿರಪರಾಧಿ. ಕೊನೆಗೆ ವೈರನ್ನು ಬಗ್ಗಿಸಿ ನೋಡಿದರೆ ರಬ್ಬರಿನ ಮೇಲೆ ಕೂದಲೆಳೆಯಂಥ ಬಿರುಕು. ಕಿಡಿ ದಾರಿಯಲ್ಲೇ ಸೋರಿ ಹೋಗುತ್ತಿತ್ತು. ನೀರು ಬಿದ್ದೊಡನೆ ಗಾಡಿ ನಿಂತಾಗ, ರೋಗ ಕಿಡಿಯ ದಾರಿಯಲ್ಲಿದೆ ಎಂದು ಅತ್ತೆಯ ತಂಬಿಗೆ ಆಗಲೇ ಹೇಳಿತ್ತು, ನಮಗೆ ತಿಳಿದಿರಲಿಲ್ಲ.

ನಾನು ಬಿಟ್ಟೇನೆಯೇ? ಬಿಳಿ ಹಾಳೆಯಲ್ಲಿ ಉದ್ದೇಶ, ಸಾಮಗ್ರಿ, ವಿಧಾನ, ಫಲಿತಾಂಶ ಎಂದು ಬರೆದು, ಚಿತ್ರ ಬಿಡಿಸಿ, ಶನಿವಾರ ಉಸ್ತಾದರ ಕೈಗೆ ಕೊಟ್ಟೆ. ಅವರು ಅದನ್ನು ನಮ್ಮವರಿಂದ ಓದಿಸಿ ಪೂರ್ತಿ ಕೇಳಿದರು, ಬಗ್ಗಿ ವೈರು ನೋಡಿದರು, ಹೊಸದು ಹಾಕಿದರು. ಎಂಜಿನ್ ಒಂದೇ ಲಯದಲ್ಲಿ ಗುನುಗಿತು.

"ವಾಹ್ ಮೇಡಂ, ಎಲ್ಲಾ ಬರಾಬರ್ ಬರದೀರಿ. ಸಾಮಗ್ರಿ ಒಳಗ ಒಂದು ಬಿಟ್ಟೀರಿ ನೋಡ್ರಿ."

"ಏನ್ರಿ ಅದು?"

ಉಸ್ತಾದರು ಬ್ಯಾಟರಿಯ ಪಕ್ಕದ ಸಂದಿಗೆ ಕೈ ಹಾಕಿ, ನಾನು ಎರಡು ದಿನದಿಂದ ಮನೆಯೆಲ್ಲ ಹುಡುಕುತ್ತಿದ್ದ ಕನ್ನಡಕ ತೆಗೆದುಕೊಟ್ಟರು.

ಕಮಲಾಪುರದಿಂದ ವಾಪಸು

ರವಿವಾರ ಕುಬಸ ಚೆಂದಾಗಿ ನಡೆಯಿತು. ನಾದಿನಿ ಹಸಿರು ಸೀರೆಯುಟ್ಟು ಹಿಂದಿನ ಸೀಟಿನಲ್ಲಿ ಅತ್ತೆಯ ಪಕ್ಕ ಕೂತಳು. ಡಿಕ್ಕಿಯಲ್ಲಿ ಅವಳ ಗಂಡನ ಮನೆಯವರು ಕೊಟ್ಟ ಕೆಂಪು ಬಾಳೆಯ ಗೊನೆ. ನಮ್ಮವರು ಅಂದು ಗಾಡಿ ಓಡಿಸಿದ್ದನ್ನು ಓಡಿಸಿದ್ದೆನ್ನಲಾಗದು. ಹಾಲಿನ ಕೊಡ ಹೊತ್ತಂತೆ ನಡೆಸಿದರು. ಮೇವು ತುಂಬಿದ ಟ್ರ್ಯಾಕ್ಟರೊಂದು ಹಾರ್ನ್ ಹೊಡೆದು ನಮ್ಮನ್ನು ಹಿಂದೆ ಹಾಕಿ ಹೋಯಿತು. ಅವರ ಕಿವಿಯೆಲ್ಲ ಎಂಜಿನ್ ಮೇಲೆ.

ತೊಗರಿ ಹೊಲಗಳು ಶುರುವಾದ ಕಡೆ ಹಿಂದಿನಿಂದ ನಾದಿನಿ ಚೀರಿದಳು: "ಅವ್ವಾ! ಹೊಡೀತು ನೋಡು!"

ನಮ್ಮವರು ಗಾಡಿಯನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ, ಡಿಕ್ಕಿಯಿಂದ ನಟ್ಟು ಬಿಚ್ಚುವ ಪಾನಾ ಎಳೆದುಕೊಂಡು ಬಾನೆಟ್ ಎತ್ತಿದರು. ನಾನೂ ಧಡಕ್ಕನೆ ಇಳಿದೆ. "ನಾಲ್ಕನೇದ ಇರಬೇಕ್ರಿ!"

"ನನಗ ಕೇಳಸೇ ಇಲ್ಲಲ್ಲ!" ಅವರ ಮುಖ ಬೆವರಿತ್ತು. "ತಂಗಿ, ಎಲ್ಲಿ ಹೊಡೀತು? ಎಡಕ್ಕೋ ಬಲಕ್ಕೋ?"

"ಎಡಕ್ಕ" ಎಂದಳು ನಾದಿನಿ. ಅವರು ಎಡಗಡೆಗೆ ಬಗ್ಗಿದರು. "ಈಗ ಬಲಕ್ಕ" ಎಂದಳು. ಬಲಕ್ಕೆ ಓಡಿದರು. ಅವಳಿಗೆ ನಗು ತಡೆಯಲಾಗಲಿಲ್ಲ.

"ಅಣ್ಣಾ, ಗಾಡಿ ಅಲ್ಲೋ! ಕೂಸು. ಕೂಸು ಒದೀಲಾಕತ್ತದ!"

ಅತ್ತೆ ಮಗಳ ಹೊಟ್ಟೆಯ ಮೇಲೆ ಅಂಗೈ ಇಟ್ಟರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅವರ ಕೈ ಒಂದು ಗುಲಗಂಜಿಯಷ್ಟು ಮೇಲೆದ್ದಿತು. ಏಳು ತಿಂಗಳು ಅದುಮಿಟ್ಟಿದ್ದ ಅಂಜಿಕೆಯೆಲ್ಲ ಅವರ ಕಣ್ಣಿನಿಂದ ಇಳಿಯಿತು. "ಹೌದವ್ವಾ, ಗಟ್ಟಿ ಅದ. ಭಾಳ ಗಟ್ಟಿ ಅದ."

ನಮ್ಮವರು ಬಂದು ಕಿಟಕಿಯ ಹೊರಗೆ ನಿಂತರು. ಮೂಗಿನ ಮೇಲೆ ಗ್ರೀಸು, ಕಣ್ಣಲ್ಲಿ ನೀರು. ಒರೆಸಿಕೊಳ್ಳಬೇಕೆಂಬ ಎಚ್ಚರವೂ ಇರಲಿಲ್ಲ. ಪಾನಾ ಮೇಲೆತ್ತಿ ಹಿಡಿದುಕೊಂಡೇ ತಂಗಿಯ ಹೊಟ್ಟೆಯನ್ನು ದಿಟ್ಟಿಸಿ ನೋಡುತ್ತಿದ್ದರು.

ನಾದಿನಿ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಹೇಳಿದಳು: "ಅಣ್ಣಾ, ಮೊದಲ ಆ ಪಾನಾ ಕೆಳಗ ಇಡು. ಬಿಚ್ಚಾಕ ಬಂದೀ ಅಂತ ಕೂಸು ಅಂಜತದ."