ಒತ್ತಾಯವಿಲ್ಲದ ಪಂಚಮಿ ಊಟ

ನಾನು ತಪ್ಪು ಮಾಡುವುದು ಕಡಿಮೆ. ಮಾಡಿದರೆ ಮಾತ್ರ ನಾಲ್ಕು ಜನರನ್ನು ಮನೆಗೆ ಕರೆದು, ಕೂಡಿಸಿ, ಅವರ ಎದುರಿಗೇ ಮಾಡುತ್ತೇನೆ. ನಮ್ಮ ಧಾರವಾಡದ ಕಡೆ ಹಬ್ಬದೂಟವೆಂದರೆ ಅರ್ಧ ಅಡುಗೆ, ಅರ್ಧ ಕುಸ್ತಿ. ಉಣ್ಣುವವರು ‘ಸಾಕ್ರೀ’ ಎಂದು ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿಯಬೇಕು, ಬಡಿಸುವವರು ‘ನನ್ನ ಆಣಿ, ಒಂದ ಒಂದು’ ಎಂದು ಆ ಕೈ ಸರಿಸಬೇಕು. ನಮ್ಮ ಅವ್ವ ಇದರಲ್ಲಿ ದೊಡ್ಡ ಪೈಲ್ವಾನಳು. ಕೈ ತೆಗೆಯದಿದ್ದರೆ ಕೈಯ ಮೇಲೇ ತುಪ್ಪ ಸುರಿದುಬಿಡುತ್ತಿದ್ದಳು. ಒಮ್ಮೆ ನಮ್ಮ ಸಾಲಿ ಮಾಸ್ತರರು ಅವಳ ಕೈಗೆ ಸಿಕ್ಕು, ಉಂಡು ಏಳಲಾರದೆ ಅಲ್ಲೇ ಗೋಡೆಗೆ ಒರಗಿ ಗೊರಕೆ ಹೊಡೆದಿದ್ದರು. ನನಗೆ ಮಾತ್ರ ಈ ಜಗ್ಗಾಟ ಎಂದೂ ಸೇರಲಿಲ್ಲ. ಸರಕಾರಿ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಕಡತ ನೋಡಿದ ಮೇಲಂತೂ, ಬೇಕೆಂದವರಿಗೆ ಕೊಡಬೇಕು, ಬೇಡವೆಂದವರನ್ನು ಬಿಡಬೇಕು, ಇದಕ್ಕಿಂತ ಸ್ವಚ್ಛ ವ್ಯವಸ್ಥೆ ಭೂಮಿಯ ಮೇಲಿಲ್ಲವೆಂದು ಖಾತ್ರಿಯಾಗಿತ್ತು.

ಈ ಸಲದ್ದು ಅವ್ವನ ವರ್ಷದ ಕಾರ್ಯ ಮುಗಿದ ಮೇಲೆ ಬಂದ ಮೊದಲ ನಾಗರ ಪಂಚಮಿ. ಉಪ್ಪಿನಬೆಟಗೇರಿಗೆ ಕೊಟ್ಟ ನಮ್ಮ ಸುಶೀಲಕ್ಕ ಪ್ರತಿ ಪಂಚಮಿಗೆ ಬಂದು ನಾಲ್ಕು ದಿನ ಇರುವವಳು. ಅವ್ವನಿಲ್ಲದ ಮನೆಗೆ ಬರುತ್ತಾಳೋ ಇಲ್ಲವೋ ಎಂಬ ಅಳುಕು ನನಗಿತ್ತು. ಬಂದಳು. ಆ ಖುಷಿಗೆ ಅಮರಗೋಳದಲ್ಲಿ ಕಾಳಿನ ವ್ಯಾಪಾರ ಮಾಡುವ ಗೆಳೆಯ ಬಸಣ್ಣನನ್ನೂ ಅವನ ಹೆಂಡತಿಯನ್ನೂ ಮಧ್ಯಾಹ್ನದ ಊಟಕ್ಕೆ ಕರೆದೆ. ಎಲ್ಲವನ್ನೂ ಟೇಬಲ್ ಮೇಲೆ ಇಡುವುದು, ಬೇಕಾದ್ದನ್ನು ಅವರವರೇ ಹಾಕಿಕೊಳ್ಳುವುದು, ಎಲ್ಲರೂ ಒಟ್ಟಿಗೆ ಕುಳಿತು ಆರಾಮವಾಗಿ ಹಳೆಯ ಮಾತು ಆಡುವುದು ಎಂದು ಯೋಜನೆ ಹಾಕಿದೆ. ನನ್ನ ಹೆಂಡತಿ ಶಾರದಾ, “ಇದು ನಿಮ್ಮ ಆಫೀಸಲ್ರಿ, ಪಂಚಮಿ. ಒತ್ತಾಯ ಮಾಡ್ಲಿಲ್ಲಂದ್ರ ಮಂದಿ ಉಣ್ಣೂದಿಲ್ಲ” ಎಂದಳು. “ಹಸದಾವ್ರು ತಾವ ಹಾಕ್ಕೋತಾರ” ಎಂದು ನಾನು ಮಾತು ಮುಗಿಸಿದೆ.

ಪಂಚಮಿಗೆ ಒಲೆಯ ಮೇಲೆ ಹಂಚು ಇಡುವಂತಿಲ್ಲವೆಂದು ಹೋಳಿಗೆಯ ಬದಲು ಹೂರಣದ ಕಡಬು ಕುದಿಸಿದ್ದಳು. ಎಲ್ಲರೂ ಮರ್ಯಾದೆಗೆ ಒಂದೊಂದು ಹಾಕಿಕೊಂಡರು. “ಇನ್ನೊಂದು, ಅಕ್ಕಾ?” ಎಂದೆ. “ಸಾಕಪಾ” ಎಂದು ತಾಟಿಗೆ ಎರಡೂ ಕೈ ಅಡ್ಡ ಮಾಡಿದಳು. “ಆತು” ಎಂದು ಪಾತ್ರೆಯ ಮುಚ್ಚಳ ಮುಚ್ಚಿದೆ. ಬಸಣ್ಣನೂ ಮುಂಜಾಗ್ರತೆಗೆಂದು ತಾಟಿನ ಮೇಲೆ ಕೈ ಅಡ್ಡ ಹಿಡಿದ. ಯಾರೂ ಬರಲಿಲ್ಲ. ತುಸು ಹೊತ್ತು ತನ್ನ ಕೈಯನ್ನು ತಾನೇ ನೋಡಿ, ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡ. ಶಾರದಾ ತುಪ್ಪದ ಬಟ್ಟಲು ಹಿಡಿದು ಎರಡು ಸಲ ಎದ್ದಳು, ಎರಡು ಸಲವೂ ನಾನು ಕಣ್ಣಿನಲ್ಲೇ ಕೂಡಿಸಿದೆ. ಅರ್ಧ ತಾಸಿನಲ್ಲಿ ಊಟ ಮುಗಿಯಿತು. ಹಳೆಯ ಮಾತುಗಳು ಯಾಕೋ ಹೆಚ್ಚು ಬರಲಿಲ್ಲ, ಆದರೂ ಇಷ್ಟು ಶಿಸ್ತಿನ ಹಬ್ಬ ಧಾರವಾಡದಲ್ಲಿ ಹಿಂದೆ ನಡೆದಿಲ್ಲವೆಂದು ನಾನು ಬೀಗಿದೆ.

ನಾಲ್ಕು ಗಂಟೆಯ ಹೊತ್ತಿಗೆ ನನಗೇ ಹಸಿವಾಯಿತು. ಯಜಮಾನ ಹೆಚ್ಚು ತಿಂದರೆ ಚೆನ್ನಾಗಿರುವುದಿಲ್ಲವೆಂದು ನಾನೂ ಒಂದಕ್ಕೇ ನಿಲ್ಲಿಸಿದ್ದೆ. ಅಡ್ಡಾಡಿ ಬರುತ್ತೇನೆಂದು ಹೇಳಿ ಮೂಲೆಯ ಚುರುಮುರಿ ಗಿರ್ಮಿಟ್ ಗಾಡಿಗೆ ಹೋದರೆ, ಊಟ ಮುಗಿಸಿ ಊರಿಗೆಂದು ಹೊರಟಿದ್ದ ಬಸಣ್ಣ ದಂಪತಿ ಅಲ್ಲಿ ಎರಡನೆಯ ಪ್ಲೇಟಿನಲ್ಲಿದ್ದರು!

“ಹೊಟ್ಟಿ ತುಂಬೇತಿ, ಖರೇನ ತುಂಬೇತಿ. ಇದು ಸುಮ್ನ ಬಾಯಿ ಚಪಲಕ್ಕ” ಎಂದ ಬಸಣ್ಣ, ಮಿರ್ಚಿ ಭಜಿಯನ್ನು ಅಂಗೈಯಲ್ಲಿ ಮರೆಮಾಡುತ್ತ. ಅವನ ಹೆಂಡತಿಗೆ ಸುಳ್ಳು ಬರುವುದಿಲ್ಲ. “ನೀವು ಒಮ್ಮಿನೂ ಒತ್ತಾಯ ಮಾಡ್ಲಿಲ್ಲಲ್ರಿ ಅಣ್ಣಾರ. ಕಡಬು ಕಮ್ಮಿ ಬಿದ್ದಾವ ಅಂತ ತಿಳಕೊಂಡ್ವಿ” ಎಂದಳು. ಮನೆಯಲ್ಲಿ ದೊಡ್ಡ ಪಾತ್ರೆಯ ತುಂಬ ಕಡಬು ಉಳಿದಿತ್ತು. ಅವರು ಎರಡು ಸಲ ಒತ್ತಾಯ ಮಾಡಿದ ಮೇಲೆ ನಾನೂ ಒಂದು ಮಿರ್ಚಿ ತಿಂದೆ.

ಮನೆಗೆ ಬಂದರೆ ಅಕ್ಕ ಸೀರೆ ಮಡಚಿ ಬ್ಯಾಗಿಗೆ ತುಂಬುತ್ತಿದ್ದಳು. “ಐದರ ಬಸ್ಸಿಗೆ ಹೋಗ್ತೇನಿ ತಮ್ಮಾ. ಹೊಲದಾಗ ಕೆಲಸ ಭಾಳ ಐತಿ.” ನಾಲ್ಕು ದಿನ ಇರುವವಳು ಒಂದೇ ದಿನಕ್ಕೆ ಹೊರಟಿದ್ದಾಳೆ. ನನ್ನ ಹಾಳು ನಾಲಗೆ ‘ಆತು, ನಿನ್ನಿಷ್ಟ’ ಎನ್ನಲು ಸಜ್ಜಾಗಿತ್ತು, ಶಾರದಾ ನೋಡಿದ ನೋಟಕ್ಕೆ ಒಳಗೇ ಉಳಿಯಿತು.

“ಹೋಗಬ್ಯಾಡ ಅಕ್ಕಾ” ಎಂದೆ.

“ಇಲ್ಲಪಾ, ಹೋಗಬೇಕ.”

“ಖರೇ ಹೇಳು, ಸಿಟ್ಟಾಗಿಯೇನು?”

ಅವಳು ಸೀರೆ ಮಡಚುವುದನ್ನು ನಿಲ್ಲಿಸಿದಳು. “ಸಿಟ್ಟ್ಯಾಕ? ನಾ ಸಾಕು ಅಂದೆ, ನೀ ಆತು ಅಂದು ಮುಚ್ಚಳಾ ಮುಚ್ಚಿದಿ. ಅವ್ವ ಹ್ವಾದ್ಲು, ಇನ್ನ ಈ ಮನ್ಯಾಗ ನನಗ ಉಣ್ಣು, ಇರು ಅನ್ನೋರು ಯಾರೂ ಇಲ್ಲ ಅನಿಸ್ತು. ಅಷ್ಟ.”

ನನಗೆ ನಾಚಿಕೆಯಾಯಿತು. ಬ್ಯಾಗನ್ನು ಎತ್ತಿ ಅವಳ ಕೈಗೆ ಎಟುಕದಂತೆ ಕಪಾಟಿನ ಮೇಲೆ ಇಟ್ಟೆ. ಅವಳು ಬೈದಳು, ನಾನು ಇಳಿಸಲಿಲ್ಲ. ಬಸ್ಸಿನ ಹೊತ್ತು ಮೀರುವವರೆಗೂ ಬೈದಳು. ಆಮೇಲೆ ತೋಳು ಹಿಡಿದು ಅಡುಗೆಮನೆಗೆ ಕರೆದೊಯ್ದು, ಮಣೆ ಹಾಕಿ ಕೂಡಿಸಿ, ತಾಟಿಗೆ ಎರಡು ಕಡಬು ಹಾಕಿದೆ. ತಿಂದಳು. ಮೂರನೆಯದಕ್ಕೆ “ಬ್ಯಾಡಂದ್ರ ಬ್ಯಾಡ, ಸಾಕು” ಎಂದು ಎರಡೂ ಕೈ ಗಟ್ಟಿಯಾಗಿ ಅಡ್ಡ ಹಿಡಿದಳು. ನಾನು ಕಡಬು ಹಿಡಿದು ಬಗ್ಗಿದೆ. ಬಗ್ಗಿದಾಗ ಕಂಡಿತು, ಆ ಎರಡು ಕೈಗಳ ನಡುವೆ ಸರಿಯಾಗಿ ಒಂದು ಕಡಬು ಇಳಿಯುವಷ್ಟು ಸಂದು ಬಿಟ್ಟಿದ್ದಳು. ಮಧ್ಯಾಹ್ನವೂ ಬಿಟ್ಟಿದ್ದಳೇನೋ, ಆಗ ನನ್ನ ಕಣ್ಣು ವ್ಯವಸ್ಥೆಯ ಮೇಲಿತ್ತು.