ಹಾಡಿನ ನಡುವೆ ಚುರುಮುರಿ

ಹೆಸರು ಉಳಿಯಬೇಕೆಂಬ ಆಸೆ ಯಾರಿಗಿಲ್ಲ? ನಮ್ಮ ಕಡೆ ಒಬ್ಬರು ದೇವಸ್ಥಾನಕ್ಕೆ ಫ್ಯಾನು ಕೊಟ್ಟು, ಮೂರು ರೆಕ್ಕೆಯ ಮೇಲೂ ತಮ್ಮ ಹೆಸರು ಬರೆಸಿದರು. ಕರೆಂಟು ಹೋದಾಗ ಮಾತ್ರ ಆ ಪುಣ್ಯಾತ್ಮರು ಯಾರೆಂದು ಭಕ್ತರಿಗೆ ತಿಳಿಯುತ್ತದೆ. ನಾನು ಅಂಥ ಆಸೆ ಇಟ್ಟುಕೊಂಡವನಲ್ಲ. ಆದರೂ ನನ್ನ ದನಿ ಅಮರವಾಗಿಬಿಟ್ಟಿದೆ. ಕನ್ನಡದ ಹಿರಿಯ ಪಾಪ್ ಗಾಯಕರೊಬ್ಬರ ಲೈವ್ ಆಲ್ಬಂನಲ್ಲಿ, ಏಳನೆಯ ಹಾಡಿನ ನಡುವೆ, ನಾನಿದ್ದೇನೆ. ಅಲ್ಲಿಂದ ನನ್ನನ್ನು ಈಚೆಗೆ ಎಳೆದುಹಾಕುವವರು ಸಿಕ್ಕರೆ ಅವರ ಕಾಲಿಗೆ ಬೀಳಲೂ ಸಿದ್ಧ.

ನನ್ನದು ಹುಣಸೂರಿನಲ್ಲಿ ಪಂಪ್‌ಸೆಟ್ ಅಂಗಡಿ. ದಿನವಿಡೀ ಓಡುವ ಮೋಟಾರಿನ ಪಕ್ಕ ನಿಂತು ವ್ಯಾಪಾರ ಮಾಡಿ ಮಾಡಿ, ಗುಟ್ಟು ಹೇಳಿದರೂ ಎದುರು ಬೀದಿಗೆ ಕೇಳುವಂಥ ಗಂಟಲು ಬಂದಿದೆ. ಹೆಂಡತಿ ರತ್ನ ಸಾಲಿಗ್ರಾಮದವಳು. ಮದುವೆಗೆ ಮುಂಚೆ ಅವಳ ಅಣ್ಣನ ಬಳಿ ಈ ಗಾಯಕರ ಒಂದು ಕ್ಯಾಸೆಟ್ ಇತ್ತಂತೆ. ಹಾಕಿ ಹಾಕಿ ಟೇಪು ಒಂದು ಕಡೆ ಕಡಿದು, ಅಣ್ಣ ಅಂಟಿಸಿದಾಗ ಹಾಡಿನ ಒಂದು ಸಾಲೇ ಹಾರಿಹೋಯಿತು. ರತ್ನ ಕಲಿತದ್ದು ಆ ಸಾಲಿಲ್ಲದ ಹಾಡು. ಮದುವೆಯಾದ ಹೊಸತರಲ್ಲಿ ಮುದ್ದೆ ತಿರುವುತ್ತ ಅದನ್ನು ಹಾಡುತ್ತಿದ್ದಳು. "ನಿಂಗೆ ತಾಳ ಇಲ್ಲ ಕಣೆ" ಎಂದು ಒಂದು ದಿನ ನಾನು ತೀರ್ಪು ಕೊಟ್ಟೆ. ತಾಳದ ವಿಷಯದಲ್ಲಿ ನನಗಿದ್ದ ಅರ್ಹತೆಯೆಂದರೆ, ಪಂಪು ಕೆಡುವ ಮುಂಚೆ ಬಡಿದುಕೊಳ್ಳುವ ಸದ್ದನ್ನು ಗುರುತಿಸುವುದು. ಅವಳು ಹಾಡು ನಿಲ್ಲಿಸಿದಳು. ನಾನು ಅದನ್ನು ಗಮನಿಸಲೂ ಇಲ್ಲ.

ಹೋದ ವರ್ಷ ಆ ಗಾಯಕರು ನಮ್ಮೂರಿಗೇ ಬಂದರು. ಎಪ್ಪತ್ತು ದಾಟಿದ ವಯಸ್ಸು. ಮೈಮೇಲೆ ಮಿರಮಿರ ಮಿಂಚುವ ಜಾಕೀಟು, ಮಂಡಿಗೆ ಬೆಲ್ಟು. ಸಣ್ಣ ಊರುಗಳಲ್ಲಿ ಹಾಡಿ, ಜನರ ಚಪ್ಪಾಳೆ ಸಮೇತ ರೆಕಾರ್ಡ್ ಮಾಡಿ ಆಲ್ಬಂ ತರುತ್ತಾರಂತೆ. ರತ್ನ ಬಾಯಿಬಿಟ್ಟು ಏನನ್ನೂ ಕೇಳುವವಳಲ್ಲ. ಅಂದು "ಹೋಗನ ಕಣ್ರೀ" ಎಂದಳು. ಕಾಲೇಜು ಮೈದಾನದಲ್ಲಿ ಎರಡನೆಯ ಸಾಲಿನ ಕುರ್ಚಿಯೇ ಸಿಕ್ಕಿತು. ಆರು ಹಾಡು ಸಹಿಸಿದ ನಾನು, ಏಳನೆಯದು ಶುರುವಾಗುತ್ತಲೇ ಚುರುಮುರಿ ತರಲು ಎದ್ದೆ.

ನಾನಿಲ್ಲದಾಗ ನಡೆದದ್ದು ಆಮೇಲೆ ತಿಳಿಯಿತು. ಗಾಯಕರಿಗೆ ಎರಡನೆಯ ಚರಣ ಮರೆತುಹೋಯಿತು. ಅನುಭವಸ್ಥರು, ಮರೆತದ್ದನ್ನು ತೋರಿಸಿಕೊಳ್ಳದೆ ಮೈಕನ್ನು ಜನರತ್ತ ಚಾಚಿದರು. ಜನಕ್ಕೂ ಗೊತ್ತಿರಲಿಲ್ಲ. ಆ ಮೌನದಲ್ಲಿ ರತ್ನ ಎದ್ದು ನಿಂತು ಹಾಡತೊಡಗಿದಳು. ಗಾಯಕರು ಕೆಳಗಿಳಿದು ಬಂದು ಮೈಕನ್ನು ಅವಳ ಕೈಗೇ ಕೊಟ್ಟರು. ಕ್ಯಾಸೆಟ್ಟಿನಲ್ಲಿ ಹಾರಿದ್ದ ಸಾಲನ್ನು ಅವಳು ಇಲ್ಲೂ ಹಾರಿಸಿದಳು. ಡ್ರಮ್ಮಿನವನು, ಗಿಟಾರಿನವನು ಎಲ್ಲರೂ ಎಡವಿ, ಸಾವರಿಸಿಕೊಂಡು, ಅವಳ ಹಿಂದೆ ಓಡಿದರು. ನಾನೋ, ಚುರುಮುರಿ ಗಾಡಿಯ ಮುಂದೆ ನಿಂತು, ಸ್ಪೀಕರಿನಲ್ಲಿ ಬರುತ್ತಿದ್ದುದು ಆರ್ಕೆಸ್ಟ್ರಾದ ಹೆಣ್ಣುಮಗಳ ದನಿಯೆಂದುಕೊಂಡು, 'ಪರವಾಗಿಲ್ಲವಲ್ಲ' ಎಂದು ತಲೆಯನ್ನೂ ತೂಗಿದ್ದೆ. ಎರಡು ಪೊಟ್ಟಣ ಹಿಡಿದು ಹಿಂದಿನಿಂದ ಬಂದಾಗ ಕಂಡದ್ದು ರತ್ನನ ಬೆನ್ನು. ಎಲ್ಲರಿಗೂ ಅಡ್ಡವಾಗಿ ನಿಂತಿದ್ದಾಳೆ ಎಂಬುದಷ್ಟೇ ತಲೆಗೆ ಹೋಯಿತು.

ಆಲ್ಬಂ ಬಂದ ದಿನ ಮೆಕ್ಯಾನಿಕ್ ಶಿವಣ್ಣ ಫೋನು ಹಿಡಿದು ಅಂಗಡಿಗೆ ಓಡಿಬಂದ. "ಅಣ್ಣೋ, ಅತ್ತಿಗೆ ಆಡವ್ರೆ! ನೀವೂ ಬಂದಿದ್ದೀರಿ ಕಣಣ್ಣೋ!" ಸಂಜೆ ಮನೆಯಲ್ಲಿ ರತ್ನನ ಜೊತೆ ಕೂತು ಕೇಳಿದೆ. ಅವಳ ದನಿ ಮೇಲೇರಿ, ಮೇಲೇರಿ, ಇನ್ನೇನು ಕೊನೆಯ ಸಾಲಿಗೆ ಬರಬೇಕು, ಅಷ್ಟರಲ್ಲಿ ಅವಳ ಕೈಯಲ್ಲಿದ್ದ ಮೈಕಿಗೇ ಬಿದ್ದಿತ್ತು ನನ್ನ ಗಂಟಲು: "ಲೇ ರತ್ನ, ಇಡ್ಕೊ ಚುರುಮುರಿ! ಕುಂತ್ಕೊ ಮದ್ಲು, ಎಲ್ಲಾ ನೋಡ್ತಾವ್ರೆ! ಈರುಳ್ಳಿ ಆಕ್ಸಿಲ್ಲ!" ಹಿಂದೆಯೇ ಇಡೀ ಮೈದಾನದ ನಗು. ಕೊನೆಯ ಸಾಲು ಆ ನಗುವಿನಲ್ಲಿ ಮುಳುಗಿಹೋಯಿತು.

ನಾನೂ ನಗಲು ನೋಡಿದೆ. ರತ್ನ ನಗಲಿಲ್ಲ. "ಇಷ್ಟು ವರ್ಷಕ್ಕೆ ಒಂದ್ಸಲ ಹಾಡ್ದೆ ಕಣ್ರೀ," ಎಂದಳು. "ಅದ್ರೊಳಗೂ ನೀವೇ ಬಂದ್ರಿ."

ಅವಳು ಎದ್ದು ಅಡುಗೆಮನೆಗೆ ಹೋದಳು. ಮಾರನೆಯ ದಿನ ಆಲ್ಬಂ ಮಾಡಿದವರಿಗೆ ಫೋನು ಮಾಡಿ, ನನ್ನ ದನಿಯೊಂದನ್ನು ತೆಗೆದುಬಿಡಿ ಎಂದು ಬೇಡಿಕೊಂಡೆ. "ಆಗಲ್ಲ ಸಾರ್. ಜನ ತಿರುಗಿಸಿ ತಿರುಗಿಸಿ ಕೇಳ್ತಿರೋದೇ ನಿಮ್ಮ ಈರುಳ್ಳೀನ" ಎಂದರು.

ಅದಾದ ತಿಂಗಳಿಗೆ ಸಾಲಿಗ್ರಾಮದಲ್ಲಿ ರತ್ನನ ಅಣ್ಣನ ಮಗಳ ಆರತಕ್ಷತೆ. ನೆಂಟರೆಲ್ಲ ಸೇರಿ, ಹಾಡಲೇಬೇಕೆಂದು ಅವಳನ್ನು ವೇದಿಕೆ ಹತ್ತಿಸಿದರು. ನಾನು ಮುಂದಿನ ಸಾಲಿನಲ್ಲಿ ಕೈಕಟ್ಟಿ, ಪಶ್ಚಾತ್ತಾಪದ ಮುಖ ಮಾಡಿಕೊಂಡು ಕುಳಿತೆ. ಮೈಕಿನವನು ಬಂದು ಕಿವಿಯ ಹತ್ತಿರ ಬಗ್ಗಿದ. "ಯಜಮಾನ್ರೇ, ಬೇಜಾರ್ ಮಾಡ್ಕೋಬ್ಯಾಡಿ. ಅಕ್ಕ ಹಾಡಿ ಮುಗ್ಸೋಗಂಟ ನೀವು ಊಟದ ಹಾಲ್‌ನಾಗೆ ಇರಿ." ಯಾರು ಹೇಳಿ ಕಳಿಸಿದರೆಂದು ವೇದಿಕೆಯತ್ತ ನೋಡಿದೆ. ರತ್ನ ಮೈಕಿನ ಎತ್ತರ ಸರಿಮಾಡುವುದರಲ್ಲಿ ಮಗ್ನಳಾಗಿದ್ದಳು.

ಎದ್ದು ಹೋದೆ. ಗೋಡೆಯಾಚೆಯಿಂದ ಹಾಡು ಕೊನೆಯ ಸಾಲಿನವರೆಗೂ ಕೇಳಿತು. ತಾಳ ಎಲ್ಲೂ ತಪ್ಪಲಿಲ್ಲ. ಒಂದು ಸಲ 'ಭೇಷ್' ಎನ್ನಬೇಕೆನಿಸಿತು. ಅಷ್ಟರಲ್ಲಿ ಬಡಿಸುವವನು ಎದುರಿಗೆ ನಿಂತು, "ಏನ್ ಆಕ್ಲಿ ಸಾ?" ಎಂದ. ಬಾಯಿ ಬಿಡಲು ಧೈರ್ಯವಾಗಲಿಲ್ಲ. ಬೆರಳು ತೋರಿಸಿ ಪಾಯಸ ಹಾಕಿಸಿಕೊಂಡೆ.